ತೊಟ್ಟಿಲ ಪದದ ಕೊನೆಯ ಸಾಲು

ನಮ್ಮ ಅವ್ವ ಹಾಡುತ್ತಿದ್ದ ಜೋಗುಳದ ಪ್ರತಿಯೊಂದು ನುಡಿಯೂ ಎತ್ತರದಲ್ಲಿ ಆರಂಭವಾಗಿ, ಕೊನೆಯ ಸಾಲಿಗೆ ಬರುವಾಗ ಮೆಟ್ಟಿಲಿಳಿದಂತೆ ಕೆಳಗಿಳಿಯುತ್ತದೆ. ಕೂಸಿಗೆ ಮಲಗೆಂದು ಹೇಳುವ ಮಾತು ಇರುವುದು ಆ ಸಾಲಿನಲ್ಲಿ. ಅಷ್ಟು ಕೆಳಗೆ ನನ್ನ ದನಿ ಹೋಗುವುದಿಲ್ಲವೆಂಬುದು ನನಗೆ ತಿಳಿದದ್ದು ಈಚೆಗೆ, ಅಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ ಗೊತ್ತಾದ ಮೇಲೆ.

ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಈ ಪದವನ್ನು ಹಾಡಿ ಮುಗಿಸುವವರೆಗೆ ನಮ್ಮ ಮನೆತನದಲ್ಲಿ ಯಾರೂ ತೊಟ್ಟಿಲಿನ ಹಗ್ಗಕ್ಕೆ ಕೈ ಹಚ್ಚುವುದಿಲ್ಲ. ಅವ್ವ ಅದನ್ನು ತನ್ನ ತವರಾದ ಅಬಲೂರಿನಿಂದ ತಂದಿದ್ದಳು. ಅವಳಿರುವವರೆಗೆ ಅವಳೇ ಹಾಡಿದಳು. ಅವಳು ಹೋದ ಮೇಲೆ ಒಂದು ಹಳೆಯ ಕ್ಯಾಸೆಟ್ಟನ್ನು ಹಾಕುತ್ತಿದ್ದೆವು. ಹಿಂದೆ ಯಾವುದೋ ಕೂಸಿನ ಕಾರ್ಯದಲ್ಲಿ ಅವ್ವ ಹಾಡಿದ್ದನ್ನು ತುಂಬಿಸಿದ ಕ್ಯಾಸೆಟ್ಟು ಅದು. ಜೊತೆಗೆ ಅಪ್ಪನ ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಪೇಟಿ ಎನ್ನುತ್ತೇವೆ. ಮುಂದೊಂದು ದಿನ ಕ್ಯಾಸೆಟ್ಟಿನ ಪಟ್ಟಿ ಯಂತ್ರದೊಳಗೆ ಸುತ್ತಿಕೊಂಡು ಹರಿಯಿತು. ಅದಕ್ಕೂ ಮುಂಚೆಯೇ ಅಕ್ಕನ ಮಗಳು ಟೇಪ್ ರೆಕಾರ್ಡರಿನ ಮುಂದೆ ತನ್ನ ಫೋನನ್ನಿಟ್ಟು ಒಂದು ನಕಲು ಮಾಡಿಕೊಂಡಿದ್ದಳು. ಈಗ ಉಳಿದಿರುವುದು ಆ ನಕಲು ಮಾತ್ರ. ಅದರಲ್ಲಿ ಪದಕ್ಕಿಂತ ಗುಂಯ್ ಎಂಬ ಸದ್ದೇ ಹೆಚ್ಚು.

ಚಿಕ್ಕೇರೂರಿನಿಂದ ಅಕ್ಕ ಫೋನು ಮಾಡಿದಳು. ಅವಳ ಮಗಳಿಗೆ ಹೆಣ್ಣು ಕೂಸು ಹುಟ್ಟಿತ್ತು.

“ಈ ಸಲ ಫೋನು ಹಚ್ಚೂದು ಬ್ಯಾಡ. ನೀ ಹಾಡು. ಹಾಡಿದ್ದನ್ನ ಎಲ್ಲ್ಯರ ಚಂದಾಗಿ ರೆಕಾರ್ಡ್ ಮಾಡಿಸಿ ಇಡೂಣು. ಇಲ್ಲಂದ್ರ ಮುಂದಿನ ಕೂಸಿಗೆ ಗುಂಯ್ ಅನ್ನೂದಷ್ಟ ಉಳೀತೈತಿ.”

ಅಕ್ಕ ತಾನೇ ಹಾಡಲಾರಳು. ಕುತ್ತಿಗೆಯ ಗ್ರಂಥಿಯ ಆಪರೇಷನ್ ಆದಂದಿನಿಂದ ಅವಳ ದನಿ ಒಡೆದಿದೆ. ಮಾತಿಗೆ ಅಡ್ಡಿಯಿಲ್ಲ, ಸ್ವರ ನಿಲ್ಲುವುದಿಲ್ಲ. ಪದವನ್ನು ಪೂರ್ತಿ ಬಲ್ಲವರು ನಾವಿಬ್ಬರೇ. ನಾನು ಹಾಡದಿದ್ದರೆ ಅದು ಆ ಫೋನಿನ ಜೊತೆಗೇ ಮುಗಿಯುತ್ತಿತ್ತು. ಹಾಡುತ್ತೇನೆಂದು ಒಪ್ಪಿಕೊಂಡೆ. ಹಾನಗಲ್ಲಿನ ಮನೆಯಲ್ಲಿ ಒಂದೆರಡು ಸಲ ಹಾಡಿ ನೋಡಿದ ಮೇಲೆ ನಾನೇ ಅವಳಿಗೆ ಫೋನು ಮಾಡಿದೆ.

“ಅಕ್ಕಾ, ಅವ್ವನ ಸುರ ಭಾಳ ಕೆಳಗೈತಿ. ನಾ ಒಂಚೂರು ಮ್ಯಾಲ ಎತ್ತಿಕೊಳ್ತೇನಿ.”

“ಅವ್ವ ಎತ್ತಿಕೊಟ್ಟ ಪದ ಅದು. ನೀ ಯಾಕ ತಿದ್ದಾಕ ಹೋಗ್ತೀ? ಅದೇನ ಹುಡುಗರ ನಿಬಂಧ ಏನ?”

ಅವಳ ಮಾತಿಗೆ ಆಧಾರವಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಸೋಬಾನೆಯನ್ನಾಗಲಿ ಜೋಗುಳವನ್ನಾಗಲಿ ಹಾಡುವಾಗ, ಹಿರಿಯಳೊಬ್ಬಳು ಯಾವ ಸ್ವರದಲ್ಲಿ ಪದವನ್ನು ಎತ್ತುತ್ತಾಳೋ ಉಳಿದವರೆಲ್ಲರೂ ಅದೇ ಸ್ವರದಲ್ಲಿ ಹಿಂದೆ ಹೋಗಬೇಕು. ನನ್ನ ಗಂಟಲಿಗೆ ಒಗ್ಗದೆಂದು ಯಾರೂ ಹೇಳುವುದಿಲ್ಲ. ಒಗ್ಗದವಳು ಬಾಯಿ ಆಡಿಸುತ್ತಾ ಕೂರುತ್ತಾಳೆ. ನಾನೂ ನಿಯಮಗಳನ್ನು ಮೀರುವವಳಲ್ಲ. ಸ್ವಯಂನಿವೃತ್ತಿ ಪಡೆಯುವವರೆಗೂ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಮೂಲದಲ್ಲಿದ್ದಂತೆಯೇ ಒಪ್ಪಿಸಬೇಕೆಂದು ಮಕ್ಕಳಿಗೆ ಹೇಳುತ್ತಿದ್ದವಳು ಈಗ ಮೂಲವನ್ನು ಬದಲಿಸುವುದಾದರೂ ಹೇಗೆ? ಅಕ್ಕನ ಮಾತಿಗೆ ತಲೆಬಾಗಿ, ಫೋನಿನಲ್ಲಿದ್ದ ಸ್ವರವನ್ನೇ ಪ್ರಮಾಣವಾಗಿ ಇಟ್ಟುಕೊಂಡೆ.

ನನ್ನ ಮೊದಲ ಪ್ರಯತ್ನಗಳೆಲ್ಲ ಒಂದೇ ರೀತಿ ಕೆಟ್ಟವು. ಫೋನಿನಲ್ಲಿ ಧ್ವನಿ ಮುದ್ರಿಸುವಾಗ ಪರದೆಯ ಮೇಲೆ ದನಿಗೆ ತಕ್ಕಂತೆ ಗೆರೆಗಳು ಎದ್ದು ಬೀಳುತ್ತವೆ. ಮೇಲಿನ ಸಾಲುಗಳಲ್ಲಿ ಕೋಟೆಗೋಡೆಯಂತೆ ನಿಂತಿರುತ್ತಿದ್ದ ಗೆರೆಗಳು ಕೊನೆಯ ಸಾಲಿಗೆ ಬರುತ್ತಲೇ ಸಾಸಿವೆಯಷ್ಟಾಗುತ್ತಿದ್ದವು. ಕಡಿಮೆಯಾದದ್ದನ್ನು ಹೆಚ್ಚಿಸಬೇಕೆಂಬುದೇ ನನಗೆ ತೋಚಿದ ಪರಿಹಾರ. ಜೀವಮಾನವಿಡೀ ಕೊನೆಯ ಬೆಂಚಿಗೆ ದನಿ ಮುಟ್ಟಿಸಿದವಳು ನಾನು. ಅದೇ ಬಲವನ್ನು ಕೆಳಗಿನ ಸ್ವರಕ್ಕೂ ಹಾಕಿದೆ. ಹಾಕಿದಷ್ಟೂ ಸ್ವರ ಮೇಲೆ ಸರಿಯಿತು, ಇಲ್ಲವೇ ಗರಗರನೆ ಒಡೆಯಿತು. ಒಂದು ಮುದ್ರಣವನ್ನು ಅಕ್ಕನಿಗೆ ಕಳುಹಿಸಿದೆ. ಮರುಕ್ಷಣವೇ ಅವಳ ಒಡೆದ ದನಿಯಲ್ಲಿ ಉತ್ತರ ಬಂತು.

“ಕೂಸಿಗೆ ಮಲಗು ಅನ್ನಾಕತ್ತೀಯೋ, ಹಾಜರಿ ಕೂಗಾಕತ್ತೀಯೋ?”

ಆ ಮಾತು ಚುಚ್ಚಿತು. ಆದರೆ ಸರಿಯಾದ ಕಡೆಗೇ ಚುಚ್ಚಿತು. ಅಂದಿನಿಂದ ನಾನು ದನಿಗೆ ಬಲ ಹಾಕುವುದನ್ನು ಬಿಟ್ಟು ನನ್ನನ್ನೇ ಗಮನಿಸತೊಡಗಿದೆ. ಕನ್ನಡಿಯ ಮುಂದೆ ಕುಳಿತು ಹಾಡಿದಾಗ ಮೊದಲ ಸಂಗತಿ ಕಂಡಿತು: ಸ್ವರ ಇಳಿದಂತೆ ನನ್ನ ಗದ್ದವೂ ಇಳಿಯುತ್ತಿತ್ತು. ಕೆಳಗಿನ ಸ್ವರ ಮಡಿಲಲ್ಲೆಲ್ಲೋ ಬಿದ್ದಿದೆಯೆಂಬಂತೆ ಕತ್ತು ಬಗ್ಗಿಸಿ ಹುಡುಕುತ್ತಿದ್ದೆ. ಹಾಗೆ ಬಗ್ಗಿಸಿದಾಗ ಗಂಟಲು ಮಡಚಿಕೊಂಡು ದನಿಯ ದಾರಿಯೇ ಇಕ್ಕಟ್ಟಾಗುತ್ತಿತ್ತು. ಕತ್ತನ್ನು ನೇರವಾಗಿಟ್ಟು, ಕೆಳದವಡೆಯನ್ನು ಸಡಿಲ ಬಿಟ್ಟಾಗ ಗರಗರ ಸದ್ದು ಕಡಿಮೆಯಾಯಿತು. ಉಸಿರಿನದು ಇನ್ನೊಂದು ಸಂಗತಿ. ಮೇಲಿನ ಸ್ವರ ನೂಕಿದರೆ ಏರುತ್ತದೆ, ಕೆಳಗಿನದು ನೂಕಿಸಿಕೊಳ್ಳುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಕೇಳಿಸುವಷ್ಟು ಮೆತ್ತಗೆ, ಉಸಿರನ್ನು ತಡೆತಡೆದು ಬಿಟ್ಟಾಗ ಅದು ತಾನಾಗಿ ಬಂದು ಕೂರುತ್ತಿತ್ತು.

ಬೆಳಿಗ್ಗೆ ಯಾರೊಂದಿಗೂ ಮಾತನಾಡುವ ಮುನ್ನ, ಬೆಚ್ಚಗಿನ ನೀರು ಕುಡಿದು, ಬಾಯಿ ಮುಚ್ಚಿಕೊಂಡು ಮಕಾರವೊಂದನ್ನೇ ಗುನುಗುತ್ತಾ, ಸುಲಭವಾದ ಸ್ವರದಿಂದ ಒಂದೊಂದೇ ಸ್ವರ ಕೆಳಗಿಳಿಯುವ ಅಭ್ಯಾಸ ಮಾಡಿಕೊಂಡೆ. ಎದೆಯ ಮೇಲೆ ಅಂಗೈ ಇಟ್ಟುಕೊಂಡರೆ ಸ್ವರ ಸರಿಯಾಗಿ ಇಳಿದಾಗ ಎಲುಬು ಸಣ್ಣಗೆ ನಡುಗುವುದು ಕೈಗೆ ತಿಳಿಯುತ್ತದೆ. ನಡುಕ ನಿಂತು ಗಂಟಲು ಬಿಗಿದರೆ ಅಲ್ಲಿಂದ ಮೇಲಕ್ಕೆ ಮರಳುತ್ತಿದ್ದೆ. ಗುನುಗುವುದು ಒಗ್ಗಿದ ಮೇಲೆ ಬಾಯಿ ತೆರೆದು, ವ್ಯಂಜನಗಳನ್ನು ಒತ್ತದೆ, ಸ್ವರಾಕ್ಷರಗಳ ಮೇಲೆ ದನಿಯನ್ನು ನಿಲ್ಲಿಸಿದೆ. ಒತ್ತಿ ಉಚ್ಚರಿಸುವುದನ್ನೇ ಮಕ್ಕಳಿಗೆ ಕಲಿಸಿದ ನನಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು.

ಇಷ್ಟೆಲ್ಲ ಮಾಡಿಯೂ ಅತ್ಯಂತ ಕೆಳಗಿನ ಸ್ವರ ಬರೀ ಗಾಳಿಯಾಗಿಯೇ ಉಳಿಯಿತು. ಕಾರ್ಯ ಹತ್ತಿರವಾಗುತ್ತಿತ್ತು. ಒಳ್ಳೆಯ ಮೈಕಿನಲ್ಲಾದರೂ ಆ ಗಾಳಿಗೆ ಮೈ ಬಂದೀತೆಂಬ ಆಸೆಯಿಂದ, ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಸವಣೂರಿಗೆ ಹೋದೆ. ಅಲ್ಲಿ ತಮ್ಮ ಮನೆತನದ ಬಟ್ಟೆಯಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರು ಸಣ್ಣ ಸ್ಟುಡಿಯೋ ನಡೆಸುತ್ತಾರೆ. ನನ್ನ ವಯಸ್ಸಿನವರೇ. ಮದುವೆಯ ಹಾಡು, ಮೊಹರಮ್ಮಿನ ಪದ, ಅಂಗಡಿಗಳ ಪ್ರಚಾರ ಎಲ್ಲವನ್ನೂ ಮುದ್ರಿಸುತ್ತಾರೆ. ಗೋಡೆಗೆ ಹೊಡೆದು ಬರುವ ದನಿಯನ್ನು ತಡೆಯಲು ನಾಲ್ಕೂ ಕಡೆ ದಪ್ಪನೆಯ ಹಳೆಯ ಕೌದಿಗಳನ್ನು ಇಳಿಬಿಟ್ಟಿದ್ದರು. ನಾನು ಮೈಕಿನಿಂದ ಮಾರು ದೂರದಲ್ಲಿ, ಕೈಕಟ್ಟಿ ನಿಂತೆ.

“ಅಕ್ಕೋರ, ಹತ್ರ ಬರ್ರಿ. ಅದೇನ ನಿಮ್ಮನ್ನ ಕಡಿಯೂದಿಲ್ಲ,” ಎಂದರು. “ಬಾಯಿ ಹತ್ರ ಇದ್ದಷ್ಟು ಕೆಳಗಿನ ದನಿ ತುಂಬಿ ಬರ್ತೈತಿ. ಉಸರು ನೇರ ಬಡೀಬಾರ್ದು ನೋಡ್ರಿ, ಮುಖ ಒಂಚೂರು ಓರೆ ಹಿಡೀರಿ.”

ಫ್ಯಾನು ನಿಲ್ಲಿಸಿದರು. ಹಾಡಿದೆ. ಕೇಳಿಸಿದರು. ಮೇಲಿನ ಸಾಲುಗಳು ತುಂಬಿ ಬಂದಿದ್ದವು. ಕೊನೆಯ ಸಾಲು ಮಾತ್ರ ಹಾಗೆಯೇ ಇತ್ತು. ಅವರು ಗುಂಡಿ ತಿರುಗಿಸಿ ಅಡಿದನಿಯನ್ನು ಹೆಚ್ಚಿಸಿದರು. ಆಗ ಪದವೆಲ್ಲ ಮಬ್ಬಾಗಿ ಗೂಂ ಎಂದಿತು.

“ಹಗೇವಿನ್ಯಾಗ ಕುಂತು ಹಾಡಿದಂಗಾತ್ರಿ,” ಎಂದೆ. ಕಾಳು ತುಂಬಿಡಲು ನೆಲದೊಳಗೆ ತೋಡುವ ಹಗೇವು ಅವರಿಗೂ ಗೊತ್ತಿದ್ದರಿಂದ ನಕ್ಕುಬಿಟ್ಟರು.

“ಇದ್ದದ್ದನ್ನ ದಪ್ಪ ಮಾಡಬಹುದ್ರಿ ಅಕ್ಕೋರ, ಇಲ್ಲದ್ದನ್ನ ಹೆಂಗ ಮಾಡ್ಲಿ? ಒಂದ ಕೆಲಸ ಮಾಡೂಣು. ನಿಮಗ ಸರಳ ಆಗೂ ಸುರದಾಗ ಹಾಡಿಬಿಡ್ರಿ. ನಾ ಇದರಾಗ ನಿಧಾನ ಓಡಿಸಿ ಕೆಳಗ ಇಳಸ್ತೇನಿ. ಯಾರಿಗೆ ಗೊತ್ತಾಗ್ತೈತಿ?”

ನನಗೆ ಗೊತ್ತಾಗುತ್ತದೆ, ಎಂದು ಹೇಳಬೇಕೆನಿಸಿತು. ಆದರೂ ಕುತೂಹಲಕ್ಕೆ ಹಾಡಿದೆ. ಕಂಪ್ಯೂಟರಿನಲ್ಲಿ ಅವರು ಅದನ್ನು ನಿಧಾನಗೊಳಿಸಿ ಕೇಳಿಸಿದಾಗ ಕೌದಿಗಳ ನಡುವಿನಿಂದ ಬೇರೆಯೇ ಒಬ್ಬ ಹೆಂಗಸು ಹಾಡಿದಳು. ಗಂಭೀರವಾದ, ತುಸು ದಣಿದ, ವಯಸ್ಸಾದ ಹೆಂಗಸು. ಪ್ರತಿ ಅಕ್ಷರವನ್ನೂ ಎಳೆದೆಳೆದು ಇಡುತ್ತಿದ್ದಳು. ಅದು ನನ್ನ ದನಿಯಂತಿರಲಿಲ್ಲ. ಅದು ಹೆಚ್ಚುಕಡಿಮೆ ಅವ್ವನದು. ಅಂದರೆ, ಫೋನಿನಲ್ಲಿರುವ ಅವ್ವನದು.

“ಛಲೋ ಬಂತಲ್ರಿ?” ಎಂದರು ಅವರು. ಕಾಗದದ ಪೊಟ್ಟಣದಲ್ಲಿ ಸವಣೂರಿನ ಕುರುಕಲು ಖಾರಾ ಕಟ್ಟಿಸಿ ತಂದು ಮುಂದಿಟ್ಟರು. ಗಂಟಲಿಗಾಗಿ ಎಷ್ಟೋ ದಿನಗಳಿಂದ ಖಾರಾ ಬಿಟ್ಟಿದ್ದೆ. ಅಂದು ತಿಂದೆ.

ಹಾನಗಲ್ಲಿಗೆ ಮರಳುವ ಬಸ್ಸಿನಲ್ಲಿ ಒಂದೇ ಪ್ರಶ್ನೆಯನ್ನು ತಿರುತಿರುಗಿ ಕೇಳಿಕೊಂಡೆ. ನಿಧಾನಗೊಳಿಸಿದ ನನ್ನ ದನಿ ಅವ್ವನ ದನಿಯಂತೆ ಕೇಳುವುದಾದರೆ, ಅವ್ವನ ದನಿಯೂ ನಿಧಾನಗೊಂಡದ್ದೇ ಇರಬಾರದೇಕೆ? ಇದು ನನಗೆ ಅನುಕೂಲವಾದ ಊಹೆ. ಅನುಕೂಲವಾದ ಊಹೆಯನ್ನು ಪರೀಕ್ಷೆಯಿಲ್ಲದೆ ನಂಬಬಾರದು. ಪರೀಕ್ಷಿಸಲು ಒಂದೇ ಸಾಧನವಿತ್ತು: ಕ್ಯಾಸೆಟ್ಟಿನಲ್ಲಿ ಅವ್ವನ ಜೊತೆಗೆ ನುಡಿಯುವ ಅಪ್ಪನ ಪೇಟಿ. ಅದು ಅಕ್ಕನ ಮನೆಯ ಅಟ್ಟದ ಮೇಲಿತ್ತು.

ಮರುದಿನವೇ ಚಿಕ್ಕೇರೂರಿಗೆ ಹೋದೆ. ಪೇಟಿಯನ್ನು ಇಳಿಸಿ, ಧೂಳು ಒರೆಸಿ, ಬಾಣಂತಿಯ ಕೋಣೆಯ ಹೊರಗೆ ಪಡಸಾಲೆಯಲ್ಲಿ ಇಟ್ಟುಕೊಂಡೆವು. ಕರಿಯ ಕೀಲಿಗಳಲ್ಲಿ ನಾಲ್ಕನೆಯದರ ಅಂಚಿನಲ್ಲಿ ಬೆಳ್ಳಗೆ ಒಂದು ಗುರುತು ಅಳಿದುಳಿದಿತ್ತು. ಎಲೆ ಅಡಿಕೆ ಹಾಕುತ್ತಿದ್ದ ಅಪ್ಪ ಬೆರಳಿನ ಸುಣ್ಣದಿಂದ ಇಟ್ಟ ಚುಕ್ಕೆ ಅದು.

“ಅವ್ವನ ಮನಿ,” ಎಂದಳು ಅಕ್ಕ. ಪೇಟಿಯ ಕೀಲಿಗೆ ಮನೆ ಎನ್ನುವುದು ರೂಢಿ. “ಅವ್ವ ಹಾಡಾಕ ಕುಂತ್ಲಂದ್ರ ಅಪ್ಪನ ಬಟ್ಟು ಸೀದಾ ಅಲ್ಲೇ ಹೋಗ್ತಿತ್ತು.”

ನಾನು ಆ ಕೀಲಿಯನ್ನು ಒತ್ತಿ ಹಿಡಿದೆ. ಅಕ್ಕನ ಮಗಳು ಒಳಗಿನಿಂದಲೇ ಫೋನು ಹಚ್ಚಿದಳು. ಎರಡು ಸ್ವರಗಳೂ ಜಗಳಕ್ಕೆ ನಿಂತವು. ಫೋನಿನದು ಎಷ್ಟೋ ಕೆಳಗಿತ್ತು. ಒಂದೊಂದೇ ಕೀಲಿ ಇಳಿಯುತ್ತಾ ಹೋದೆ. ಫೋನಿನ ಸ್ವರ ಯಾವ ಕೀಲಿಯ ಮೇಲೂ ಕೂರದೆ ಎರಡರ ನಡುವೆ ಉಳಿಯಿತು.

“ಪೇಟಿ ಹಳೇದಾಗಿ ಸುರ ತಪ್ಪಿರಬೇಕು ಬಿಡು,” ಎಂದಳು ಅಕ್ಕ.

“ಹಳೇದಾದ್ರ ಒಂದೊಂದು ಮನಿ ಒಂದೊಂದು ದಿಕ್ಕಿಗೆ ಹೋಗ್ತಾವ ಅಕ್ಕಾ. ಎಲ್ಲಾ ಕೂಡಿ ಹೊಂದಿಕೊಂಡು ಒಂದ ಕಡೆ ಹೋಗೂದಿಲ್ಲ. ಫೋನಿನ್ಯಾಗ ಕೇಳೂ ಪೇಟಿನೂ ಇದ. ಅದರ ಸುರ ಇದರಾಗ ಇಲ್ಲಂದ್ರ ಹೆಂಗ?”

ಒಳಗಿನಿಂದ ಅಕ್ಕನ ಮಗಳು ಮೆಲ್ಲಗೆ ಹೇಳಿದಳು:

“ಚಿಗವ್ವಾ, ಆ ಟೇಪಿನ ಬೆಲ್ಟ್ ಸಡಲ ಆಗಿತ್ತಲ್ಲ. ಅದಕ್ಕ ರಬ್ಬರ್ ಬ್ಯಾಂಡ್ ಹಾಕಿದ್ವಿ. ನಾ ಫೋನಿಗೆ ಹಿಡಿದಾಗೂ ರಬ್ಬರ್ ಬ್ಯಾಂಡ್ ಮ್ಯಾಲೇ ಓಡ್ತಿತ್ತು.”

ರಬ್ಬರ್ ಬ್ಯಾಂಡು ತನಗೆ ತೋಚಿದ ವೇಗದಲ್ಲಿ ಎಳೆದ ಸ್ವರವನ್ನು ನಾವು ಅವ್ವನ ಕೊಡುಗೆಯೆಂದು ತಲೆಯ ಮೇಲಿಟ್ಟುಕೊಂಡಿದ್ದೆವು. ನಾನಂತೂ ಅದಕ್ಕಾಗಿ ಗಂಟಲನ್ನೇ ಬಗ್ಗಿಸಲು ಹೊರಟಿದ್ದೆ.

“ಜೋರು ಓಡಿಸಾಕ ಬರ್ತೈತೇನ ನೋಡವಾ, ಸುರಾನೂ ಕೂಡೇ ಏರಬೇಕು,” ಎಂದೆ. ಅವಳು ಫೋನಿನಲ್ಲಿ ಎಲ್ಲೋ ಒತ್ತಿ ವೇಗವನ್ನು ಚೂರುಚೂರೇ ಏರಿಸಿದಳು. ನಾನು ಸುಣ್ಣದ ಚುಕ್ಕೆಯ ಕೀಲಿಯನ್ನು ಹಿಡಿದೇ ಇದ್ದೆ. ಜಗಳ ಕಡಿಮೆಯಾಗುತ್ತಾ ಬಂದು, ಒಂದು ಹಂತದಲ್ಲಿ ಎರಡೂ ಸ್ವರಗಳು ಒಂದರೊಳಗೊಂದು ಇಳಿದವು; ಯಾವುದು ಫೋನು, ಯಾವುದು ಪೇಟಿ ಎಂದು ಹೇಳಲಾಗದಷ್ಟು. ಅಲ್ಲಿಗೆ ನಿಲ್ಲಿಸಿ ಪದವನ್ನು ಮೊದಲಿನಿಂದ ಹಚ್ಚಿದೆವು.

ಹಾಡಿದವಳು ಹುರುಪಿನ ಹೆಂಗಸು. ದನಿಯಲ್ಲಿ ದಣಿವಿರಲಿಲ್ಲ. ಸಾಲಿನಿಂದ ಸಾಲಿಗೆ, ಒಲೆಯ ಮೇಲೆ ಬೇರೇನೋ ಇಟ್ಟು ಬಂದವಳಂತೆ ಲಗುಬಗೆಯಿಂದ ಹೋಗುತ್ತಿದ್ದಳು. ಕೊನೆಯ ಸಾಲು ಬಂತು. ನಾನು ಅಷ್ಟು ದಿನ ದನಿಯನ್ನು ನಿಲ್ಲಿಸಲು ಹೆಣಗಿದ್ದ ಆ ತೀರ ಕೆಳಗಿನ ಸ್ವರದಲ್ಲಿ ಅವ್ವ ನಿಲ್ಲುತ್ತಲೇ ಇರಲಿಲ್ಲ. ಮಲಗಿದ ಕೂಸಿನ ಹಣೆಯನ್ನು ಮುಟ್ಟಿ ನೋಡುವಂತೆ ಅದನ್ನು ಮುಟ್ಟಿ, ದನಿ ಮೇಲೆತ್ತಿಕೊಳ್ಳುತ್ತಿದ್ದಳು.

ಪದದ ಕೊನೆಗೆ, ಕ್ಯಾಸೆಟ್ಟು ನಿಲ್ಲುವ ಮುನ್ನ, ಗಂಡಸೊಬ್ಬರ ಮಾತಿದೆ. ದಪ್ಪ ದನಿಯ, ಎಳೆದು ಮಾತಾಡುವ ಮುದುಕ. ಅವರು ಅಬಲೂರಿನಿಂದ ಬಂದಿದ್ದ ಅವ್ವನ ಸೋದರಮಾವನಿರಬೇಕೆಂದು ನಾವೆಲ್ಲ ತೀರ್ಮಾನಿಸಿದ್ದೆವು. ಈಗ ಅದೇ ಮಾತು ಬಂತು:

“ಆತು, ಬಂದ್ ಮಾಡ್ರಿನ್ನ.”

ಅಪ್ಪ. ಪೇಟಿಯ ತಿದಿಯನ್ನು ಮಡಚುತ್ತಾ, ಎದ್ದು ಹೊರಡುವ ಅವಸರದಲ್ಲಿದ್ದ ಅಪ್ಪ.

ಅಕ್ಕ ಸೆರಗಿನ ತುದಿಯಿಂದ ಪೇಟಿಯ ಕೀಲಿಗಳನ್ನು ಒರೆಸತೊಡಗಿದಳು. ಅವನ್ನು ಆಗಲೇ ಒರೆಸಿಯಾಗಿತ್ತು. ಮತ್ತೆ ಒರೆಸುತ್ತಲೇ, “ಅವ್ವ ಇಷ್ಟ ಸಣ್ಣಾಕಿ ಇದ್ಲೇನ?” ಎಂದಳು.

ಇದ್ದಳು. ಆ ಪದ ಹಾಡಿದ ದಿನ ಅವ್ವ ಈಗಿನ ನನಗಿಂತ ಚಿಕ್ಕವಳು. ಲೆಕ್ಕ ಹಾಕಿದ್ದರೆ ಮೊದಲೇ ತಿಳಿಯುತ್ತಿತ್ತು. ಆದರೆ ಕಿವಿ ಕೇಳಿದ್ದನ್ನು ಬಿಟ್ಟು ಲೆಕ್ಕ ಹಾಕುವವರು ಯಾರು? ಬೆಲ್ಟು ಸಡಿಲವಾದಂತೆಲ್ಲ ಅವಳು ನಮ್ಮ ನೆನಪಿನಲ್ಲಿ ಮುದುಕಿಯಾಗುತ್ತಾ, ಗಂಭೀರಳಾಗುತ್ತಾ ಹೋಗಿದ್ದಳು. ಅವ್ವ ಎಂದರೆ ಭಾರವಾದ ದನಿಯ, ಅವಸರವಿಲ್ಲದ ಹೆಂಗಸೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಅವಳು ಹಾಗಿರಲಿಲ್ಲ. ಅವಳು ಬೀಸಿ ನಡೆಯುತ್ತಿದ್ದಳು. ಅರ್ಧ ಮಾತಿಗೇ ಎದ್ದು ಹೋಗುತ್ತಿದ್ದಳು. ಅದೂ ನನಗೆ ಗೊತ್ತಿತ್ತು.

ಎರಡನೆಯ ಸಲ ಸವಣೂರಿಗೆ ಹೋದಾಗ ಅಕ್ಕ ಜೊತೆಗೆ ಬಂದಳು, ಪೇಟಿಯೂ ಬಂತು. ಸ್ಟುಡಿಯೋದವರು ಪೇಟಿಯನ್ನು ನೋಡಿ, “ಇದನ್ನ ಮ್ಯೂಸಿಯಂದಿಂದ ತಂದ್ರೇನ್ರಿ?” ಎಂದರು. ಅಕ್ಕ ಬಿಡಲಿಲ್ಲ: “ನಿಮ್ಮ ಕೌದಿಗಿಂತ ಹೊಸಾದೈತ್ರಿ.”

ಸುಣ್ಣದ ಚುಕ್ಕೆಯ ಕೀಲಿಯನ್ನು ಅಕ್ಕ ಹಿಡಿದು ಕುಳಿತಳು. ನಾನು ಮೈಕಿನ ಹತ್ತಿರ, ಮುಖ ತುಸು ಓರೆ ಮಾಡಿ, ಕತ್ತು ನೇರವಾಗಿಟ್ಟು ಕುಳಿತೆ. ಕೊನೆಯ ಸಾಲು ಈಗಲೂ ಸುಲಭವಾಗಿರಲಿಲ್ಲ. ನನ್ನ ದನಿಯ ಅಂಚು ಇರುವುದೇ ಅಲ್ಲಿ. ಆದರೆ ಅಂಚಿನವರೆಗೆ ನಡೆದು ಹೋಗುವುದನ್ನು ಕಲಿತಿದ್ದೆ. ಮೇಲಿನ ಸಾಲುಗಳಲ್ಲಿ ತುಸು ಹಿಂದೆ ಸರಿದು ಹಾಡಿ, ಸ್ವರ ಇಳಿದಾಗ ಮುಂದೆ ಬಾಗಿ ಮೈಕಿನ ಸಮೀಪಕ್ಕೆ ಹೋದೆ. ಬಾಗಿದ್ದು ಸೊಂಟದಿಂದ, ಕತ್ತಿನಿಂದಲ್ಲ. ತೊಟ್ಟಿಲಿನ ಮೇಲೆ ಬಾಗುವವರು ಹಾಗೆಯೇ ಬಾಗುತ್ತಾರೆ. ಒತ್ತಲಿಲ್ಲ, ಮುಟ್ಟಿ ಎತ್ತಿಕೊಂಡೆ. ಕೇಳಿಸುವಾಗ ಸ್ಟುಡಿಯೋದವರ ಬೆರಳು ಅಡಿದನಿಯ ಗುಂಡಿಯ ಕಡೆಗೆ ಹೋಯಿತು. ಹೋದದ್ದು ಅಲ್ಲಿಯೇ ನಿಂತು ಹಿಂದೆ ಬಂತು.

“ಇದಕ್ಕೇನ ಮಾಡೂದು ಬ್ಯಾಡ್ರಿ ಅಕ್ಕೋರ. ಹಿಂಗ ಇರ್ಲಿ.”

ಅಕ್ಕನ ಮುಖ ನೋಡಿದೆ. ಅವಳು ನನ್ನತ್ತ ನೋಡದೆ, “ಹಾಜರಿ ಮುಗೀತು,” ಎಂದಳು.

ಕಾರ್ಯದ ದಿನ ಚಿಕ್ಕೇರೂರಿನ ಮನೆಯಲ್ಲಿ ಹೆಣ್ಣುಮಕ್ಕಳು ಪಡಸಾಲೆ ತುಂಬಿ ಅಂಗಳದವರೆಗೂ ಕುಳಿತಿದ್ದರು. ಯಾರ ಫೋನೂ ಹೊರಗೆ ಬರಲಿಲ್ಲ. ಅಕ್ಕ ಪೇಟಿಯ ಮುಂದೆ ಕುಳಿತು ಒಂದೇ ಕೀಲಿಯನ್ನು ಒತ್ತಿದಳು. ಅವಳಿಗೆ ಬರುವುದೂ ಅಷ್ಟೇ. ನಾನು ಪದವನ್ನು ಎತ್ತಿದೆ. ಕೂಸು ಕಣ್ಣು ಬಿಟ್ಟು ಮೇಲಿನ ಜಂತಿಯನ್ನೇ ನೋಡುತ್ತಿತ್ತು. ಕೊನೆಯ ಸಾಲಿಗೆ ತೊಟ್ಟಿಲಿನೊಳಕ್ಕೆ ಬಾಗಿದೆ. ಹಳೆಯ ಅಭ್ಯಾಸ ಒಮ್ಮೆ ತಲೆಯೆತ್ತಿ ಅಂಗಳದ ಕಡೆಗೆ ದನಿಯನ್ನು ಎಸೆಯೆಂದಿತು. ಎಸೆಯಲಿಲ್ಲ. ಮುಗಿದ ಮೇಲೆ ಅಕ್ಕನ ಮಗಳು ಹಗ್ಗಕ್ಕೆ ಕೈ ಹಚ್ಚಿದಳು.

ಅಂಗಳದಿಂದ ಓಣಿಯ ಮುದುಕಿಯೊಬ್ಬರು ಗಟ್ಟಿಯಾಗಿ ಕೇಳಿದರು: “ಏನವಾ, ಕಡೀ ಸಾಲ ನಮಗ ಕೇಳ್ಲಿಲ್ಲಲ್ಲ?”

ಪೇಟಿಯ ಹಿಂದಿನಿಂದ ಅಕ್ಕನ ಒಡೆದ ದನಿ ಬಂತು.

“ಅದು ನಿಮಗ ಹೇಳಿದ್ದಲ್ಲ ಬಿಡಬೇ. ಕೂಸಿಗೆ ಹೇಳಿದ್ದು.”